ಅಳಿಸಿಹೋದ ಮರಣ: ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಮಾಲಿಕೆಯ ಏಳನೆಯ ಸಂಚಿಕೆ

ಅಮೆರಿಕದ ಮಾಸಿಕ ಕಾಮಿಕ್ಸ್‌ನ ಒಂದು ಬಿಡಿ ಸಂಚಿಕೆಯನ್ನು ಸ್ವತಂತ್ರ ಪಠ್ಯವೆಂದು ಪರಿಗಣಿಸಬಹುದೇ ಎಂಬ ಪ್ರಶ್ನೆ ಜನಪ್ರಿಯ ಕಥನಗಳ ಅಧ್ಯಯನದಲ್ಲಿ ಮೇಲಿಂದ ಮೇಲೆ ಎದುರಾಗುತ್ತದೆ. ಸಂಚಿಕೆಗೆ ತನ್ನದೇ ಆದ ಮುಖಪುಟ, ಶೀರ್ಷಿಕೆ, ಆದಿ-ಅಂತ್ಯಗಳಿರುತ್ತವೆ. ಆದರೆ ಅದರ ಪಾತ್ರಗಳು ಹಿಂದಿನ ನೂರಾರು ಸಂಚಿಕೆಗಳಲ್ಲಿ ಬದುಕಿ ಬಂದಿರುತ್ತವೆ. ಮುಂದಿನ ತಿಂಗಳು ಅವುಗಳ ಗತಿಯೇನು ಎಂಬುದು ಅದರ ಕೈಯಲ್ಲಿಲ್ಲ. ಹಲವು ಪತ್ರಿಕೆಗಳ ನಾಯಕರನ್ನು ಒಂದೇ ಕಥೆಯೊಳಗೆ ತಂದು, ಆ ಕಥೆಯ ಎಳೆಗಳನ್ನು ಮತ್ತೆ ಆಯಾ ಪತ್ರಿಕೆಗಳಿಗೆ ಹರಿಯಬಿಡುವ ‘ಕ್ರಾಸ್‌ಓವರ್’ ಎಂಬ ಪ್ರಕಾರದಲ್ಲಂತೂ ಈ ಪರಾಧೀನತೆ ಇನ್ನೂ ಹೆಚ್ಚು. ಗಮಕಿಯೊಬ್ಬ ಒಂದು ಸಂಜೆ ಕುಮಾರವ್ಯಾಸನ ಒಂದು ಸಂಧಿಯನ್ನಷ್ಟೇ ವಾಚಿಸಿದರೂ ಕೇಳುಗನಿಗೆ ಇಡೀ ಭಾರತ ಗೊತ್ತಿರುವುದರಿಂದ ಆ ಸಂಧಿ ತುಂಬಿಕೊಳ್ಳುತ್ತದೆ. ಕಾಮಿಕ್ಸ್ ಸಂಚಿಕೆಯ ಓದುಗನಿಗೆ ಇಡೀ ಕಥೆ ಗೊತ್ತಿರುವುದಿಲ್ಲ. ಅಷ್ಟೇಕೆ, ಅದನ್ನು ಬರೆಯುತ್ತಿರುವವನಿಗೂ ಪೂರ್ತಿಯಾಗಿ ಗೊತ್ತಿರುವುದಿಲ್ಲ.

ಡಿಸಿ ಕಾಮಿಕ್ಸ್ ಸಂಸ್ಥೆ ತನ್ನ ಐವತ್ತನೆಯ ವರ್ಷದ ಸಂದರ್ಭದಲ್ಲಿ ಪ್ರಕಟಿಸಿದ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಹನ್ನೆರಡು ಸಂಚಿಕೆಗಳ ಮಾಲಿಕೆ. ಮುಖಪುಟದ ದಿನಾಂಕಗಳ ಪ್ರಕಾರ ಅದು 1985ರ ಏಪ್ರಿಲ್‌ನಿಂದ 1986ರ ಮಾರ್ಚ್‌ವರೆಗೆ ನಡೆಯಿತು. ಕಥೆ ಮಾರ್ವ್ ವುಲ್ಫ್‌ಮನ್ ಅವರದು, ಚಿತ್ರ ಜಾರ್ಜ್ ಪೆರೆಜ್ ಅವರದು. ಉತ್ತರಾರ್ಧದಲ್ಲಿ ಮಸಿಗೆರೆಯ ಹೊಣೆಯನ್ನು ಬಹುಮಟ್ಟಿಗೆ ಜೆರ್ರಿ ಆರ್ಡ್‌ವೇ ಹೊತ್ತರು. ಇದರ ಏಳನೆಯ ಸಂಚಿಕೆ (ಅಕ್ಟೋಬರ್ 1985) ‘ಬಿಯಾಂಡ್ ದ ಸೈಲೆಂಟ್ ನೈಟ್’ ಎಂಬ ಶೀರ್ಷಿಕೆಯದು. ಸೂಪರ್‌ಗರ್ಲ್ ಸಾಯುವ ಸಂಚಿಕೆಯೆಂದೇ ಇದು ಪ್ರಸಿದ್ಧ. ಈ ಸಂಚಿಕೆಯಲ್ಲಿ ಚಿತ್ರಿತವಾದ ಮರಣವನ್ನು ಮಾಲಿಕೆಯ ಅಂತ್ಯ ಹಾಗೂ ಅದರ ನಂತರದ ಪ್ರಕಟಣೆಗಳು ‘ನಡೆಯದೇ ಇದ್ದುದು’ ಎಂದು ಘೋಷಿಸಿದವು. ಸತ್ತವಳು ಹುಟ್ಟಿಯೇ ಇರಲಿಲ್ಲ ಎಂದಾದ ಮೇಲೆ ಆ ಸಾವಿನ ಅರ್ಥವೇನು, ಅದನ್ನು ಹೊತ್ತ ಸಂಚಿಕೆಯ ಸ್ಥಾನವೇನು ಎಂಬುದು ಇಲ್ಲಿನ ಪರಿಶೀಲನೆಯ ವಿಷಯ.

1

ಬಹುವಿಶ್ವದ ಕಲ್ಪನೆ ಡಿಸಿಯಲ್ಲಿ ಮೊದಲು ಒಂದು ತೊಡಕನ್ನು ಬಿಡಿಸುವ ಉಪಾಯವಾಗಿ ಬಂದಿತು. 1940ರ ದಶಕದ ನಾಯಕರ ಹೆಸರುಗಳನ್ನೇ ಇಟ್ಟುಕೊಂಡು 1950ರ ದಶಕದ ಉತ್ತರಾರ್ಧದಲ್ಲಿ ಹೊಸ ನಾಯಕರನ್ನು ಸೃಷ್ಟಿಸಲಾಗಿತ್ತು. ಹಳೆಯ ಫ್ಲ್ಯಾಶ್ ಜೇ ಗ್ಯಾರಿಕ್. ಹೊಸ ಫ್ಲ್ಯಾಶ್ ಬ್ಯಾರಿ ಆಲನ್. ಇಬ್ಬರೂ ಹೇಗೆ ಇರಲು ಸಾಧ್ಯ? 1961ರ ಸೆಪ್ಟೆಂಬರ್‌ನ ‘ದ ಫ್ಲ್ಯಾಶ್’ 123ನೆಯ ಸಂಚಿಕೆಯಲ್ಲಿ ಗಾರ್ಡ್‌ನರ್ ಫಾಕ್ಸ್ ಮತ್ತು ಕಾರ್ಮೈನ್ ಇನ್ಫಾಂಟಿನೊ ಇದಕ್ಕೆ ಉತ್ತರವನ್ನು ಕೊಟ್ಟರು: ಎರಡು ಭೂಮಿಗಳಿವೆ, ಬೇರೆ ಬೇರೆ ಕಂಪನಗಳಲ್ಲಿ ಒಂದೇ ಜಾಗವನ್ನು ಆಕ್ರಮಿಸಿಕೊಂಡಿವೆ. 1963ರಲ್ಲಿ ‘ಜಸ್ಟಿಸ್ ಲೀಗ್ ಆಫ್ ಅಮೆರಿಕ’ ಪತ್ರಿಕೆಯ 21 ಮತ್ತು 22ನೆಯ ಸಂಚಿಕೆಗಳಲ್ಲಿ ಎರಡೂ ಭೂಮಿಗಳ ವೀರರು ಒಟ್ಟುಗೂಡಿದರು. ಆ ಕಥೆಗಳ ಶೀರ್ಷಿಕೆಯಲ್ಲಿದ್ದ ‘ಕ್ರೈಸಿಸ್’ ಎಂಬ ಪದವೇ ಮುಂದೆ ಮಹಾಮಾಲಿಕೆಯ ಹೆಸರಾಯಿತು.

ಆಮೇಲಿನ ವರ್ಷಗಳಲ್ಲಿ ಭೂಮಿಗಳು ಬೆಳೆದ ಬಗೆಯಲ್ಲಿ ಒಂದು ವಿಶೇಷವಿದೆ. ಕ್ವಾಲಿಟಿ ಕಾಮಿಕ್ಸ್‌ನಿಂದ ಬಂದ ನಾಯಕರಿಗೆ ‘ಅರ್ತ್-ಎಕ್ಸ್’, ಫಾಸೆಟ್ ಸಂಸ್ಥೆಯ ಕ್ಯಾಪ್ಟನ್ ಮಾರ್ವೆಲ್ ಬಳಗಕ್ಕೆ ‘ಅರ್ತ್-ಎಸ್’, ಚಾರ್ಲ್‌ಟನ್ ಸಂಸ್ಥೆಯ ನಾಯಕರಿಗೆ ‘ಅರ್ತ್-ಫೋರ್’. ಅನ್ಯಸಂಸ್ಥೆಗಳ ಪಾತ್ರಗಳು ಕೈವಶವಾದಂತೆಲ್ಲ ಒಂದೊಂದು ಹೊಸ ಲೋಕ ತಲೆಯೆತ್ತಿತು. ಡಿಸಿಯ ವಿಶ್ವವಿಜ್ಞಾನವು ಅದರ ಆಸ್ತಿಪತ್ರಗಳ ನಕ್ಷೆಯೂ ಆಗಿತ್ತೆಂದರೆ ತಪ್ಪಾಗದು. ಮಾಲಿಕೆಯ ಏಳನೆಯ ಸಂಚಿಕೆಯ ವೇಳೆಗೆ ಅಸಂಖ್ಯ ಲೋಕಗಳು ಅಳಿದು ಉಳಿದುಕೊಂಡಿರುವ ಐದು ಭೂಮಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಡಿಸಿಯ ಸ್ವಂತದ ಎರಡು ಭೂಮಿಗಳು, ಮೇಲೆ ಹೇಳಿದ ಮೂರು. ಸಾವಿರಾರು ಲೋಕಗಳು ಬಿಳಿಯ ಶೂನ್ಯದಲ್ಲಿ ಕರಗಿದರೂ ಮಾರಾಟದ ಬೆಲೆಯುಳ್ಳ ಲೋಕಗಳು ಮಾತ್ರ ಬದುಕಿಕೊಂಡಿವೆ!

ಹೊಸ ಓದುಗರಿಗೆ ಈ ಲೋಕಬಾಹುಳ್ಯ ಗೊಂದಲವನ್ನು ಉಂಟುಮಾಡುತ್ತದೆ, ಎಲ್ಲವನ್ನೂ ಒಂದೇ ಭೂಮಿಗೆ, ಒಂದೇ ಇತಿಹಾಸಕ್ಕೆ ಇಳಿಸಬೇಕು ಎಂಬುದು ವುಲ್ಫ್‌ಮನ್ ಅವರ ಮತ್ತು ಸಂಸ್ಥೆಯ ವಾದವಾಗಿತ್ತು. ಇದರ ಜೊತೆಗೆ ವ್ಯಾಪಾರದ ಒತ್ತಡವೂ ಇತ್ತು. ಪ್ರತಿಸ್ಪರ್ಧಿಯಾದ ಮಾರ್ವೆಲ್ ಸಂಸ್ಥೆ 1984-85ರಲ್ಲಿ ‘ಸೀಕ್ರೆಟ್ ವಾರ್ಸ್’ ಎಂಬ ಹನ್ನೆರಡು ಸಂಚಿಕೆಗಳ ಕ್ರಾಸ್‌ಓವರನ್ನು ನಡೆಸಿ ಯಶಸ್ಸನ್ನು ಕಂಡಿತ್ತು. ಅಂಥ ಮಾಲಿಕೆಗಳಲ್ಲಿ ಏನಾದರೂ ‘ನಿಜವಾಗಿ’ ಬದಲಾಗಬೇಕೆಂಬ ನಿರೀಕ್ಷೆ ಓದುಗರಲ್ಲಿರುತ್ತದೆ. ಬದಲಾವಣೆಯ ಅತ್ಯಂತ ಸುಲಭವಾದ ಗುರುತು ಸಾವು.

2

ಸೂಪರ್‌ಗರ್ಲ್‌ಳ ಹಿನ್ನೆಲೆಯನ್ನು ತಿಳಿಯದೆ ಏಳನೆಯ ಸಂಚಿಕೆಯ ಧ್ವನಿ ಪೂರ್ತಿಯಾಗಿ ಹೊಳೆಯುವುದಿಲ್ಲ. ಆಟೊ ಬೈಂಡರ್ ಬರೆದು ಆಲ್ ಪ್ಲಾಸ್ಟಿನೊ ಚಿತ್ರಿಸಿದ ಕಥೆಯಲ್ಲಿ, 1959ರ ಮೇ ತಿಂಗಳ ‘ಆಕ್ಷನ್ ಕಾಮಿಕ್ಸ್’ 252ನೆಯ ಸಂಚಿಕೆಯಲ್ಲಿ, ಅವಳು ಮೊದಲು ಕಾಣಿಸಿಕೊಂಡಳು. ಕ್ರಿಪ್ಟಾನ್ ಗ್ರಹ ಸಿಡಿದಾಗ ಆರ್ಗೊ ಎಂಬ ನಗರವಿದ್ದ ತುಣುಕೊಂದು ಹೇಗೋ ಉಳಿದು ತೇಲುತ್ತಿರುತ್ತದೆ; ಕಾಲಾಂತರದಲ್ಲಿ ಅದೂ ವಿನಾಶದ ಅಂಚಿಗೆ ಬಂದಾಗ ಜೋರ್-ಎಲ್ ತನ್ನ ಮಗಳು ಕಾರಾಳನ್ನು ಭೂಮಿಗೆ ಕಳುಹಿಸುತ್ತಾನೆ. ಇಲ್ಲಿ ಅವಳಿಗೆ ದಾಯಾದಿ ಅಣ್ಣನಾದ ಸೂಪರ್‌ಮ್ಯಾನ್ ಸಿಗುತ್ತಾನೆ. ಆದರೆ ಅವನು ಅವಳನ್ನು ಮನೆಗೆ ಕರೆದೊಯ್ಯುವುದಿಲ್ಲ! ಲಿಂಡಾ ಲೀ ಎಂಬ ಹೆಸರಿಟ್ಟು ಮಿಡ್‌ವೇಲ್‌ನ ಅನಾಥಾಲಯದಲ್ಲಿ ಬಿಡುತ್ತಾನೆ. ಅವಳ ಇರವು ಜಗತ್ತಿಗೆ ಗುಟ್ಟಾಗಿರಬೇಕೆಂದು ವಿಧಿಸುತ್ತಾನೆ. ಅವಳು ಸುಮಾರು ಮೂರು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ ಒಳ್ಳೆಯ ಕೆಲಸಗಳನ್ನು ಮಾಡುತ್ತಾಳೆ. 1962ರ ಫೆಬ್ರವರಿಯ 285ನೆಯ ಸಂಚಿಕೆಯಲ್ಲಷ್ಟೇ ಅವಳನ್ನು ಲೋಕಕ್ಕೆ ಪರಿಚಯಿಸಲಾಗುತ್ತದೆ. ಕಾಣದೆ ಇರುವುದೇ ಅವಳ ಆರಂಭದ ಲಕ್ಷಣವಾಗಿತ್ತೆಂಬುದನ್ನು ನೆನಪಿನಲ್ಲಿಡಬೇಕು.

1982ರಲ್ಲಿ ಪಾಲ್ ಕಪ್ಪರ್‌ಬರ್ಗ್ ಅವರ ಬರವಣಿಗೆಯಲ್ಲಿ ಅವಳಿಗೆ ಹೊಸ ಪತ್ರಿಕೆ ದೊರೆಯಿತು. ಶಿಕಾಗೊ ನಗರಕ್ಕೆ ಬಂದು ವಿದ್ಯಾರ್ಥಿನಿಯಾಗಿ ನೆಲೆಸಿದ ಅವಳು ಅಣ್ಣನ ನೆರಳಿನಿಂದ ಸ್ವಲ್ಪ ಹೊರಬಂದಳು. ಆದರೆ ಆ ಪತ್ರಿಕೆ 23 ಸಂಚಿಕೆಗಳಿಗೇ, 1984ರಲ್ಲಿ, ನಿಂತುಹೋಯಿತು. ಅದೇ ವರ್ಷದ ‘ಸೂಪರ್‌ಗರ್ಲ್’ ಚಲನಚಿತ್ರವೂ ಸೋತಿತು. ಸೂಪರ್‌ಮ್ಯಾನ್ ಕ್ರಿಪ್ಟಾನಿನ ಏಕೈಕ ಉಳಿದ ಜೀವವಾಗಿರಬೇಕೆಂಬ ಅಭಿಪ್ರಾಯ ಸಂಸ್ಥೆಯೊಳಗೆ ಬಲಗೊಂಡಿತ್ತು. ಪರಿಣಾಮವಾಗಿ ಅವಳ ಸಾವು ಕಥೆಯ ಒಳಗಿನಿಂದ ಹುಟ್ಟುವ ಮೊದಲೇ ಕಚೇರಿಯಲ್ಲಿ ನಿಶ್ಚಯವಾಗಿತ್ತು. ಕಥೆಗಾರನಿಗೆ ಉಳಿದದ್ದು ಅದನ್ನು ಹೇಗೆ ನಡೆಯಿಸುವುದು ಎಂಬುದಷ್ಟೇ. ಈ ಸಂಚಿಕೆಯ ಸಾಧನೆಯನ್ನು ಅಳೆಯುವಾಗ ಈ ಇಕ್ಕಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

3

ಸಂಚಿಕೆ ಸಾಮಾನ್ಯ ಸಂಚಿಕೆಗಳಿಗಿಂತ ದೀರ್ಘವಾದುದು. ಅದು ಎರಡು ಅಸಮಾನ ಭಾಗಗಳಾಗಿ ಒಡೆದುಕೊಂಡಿದೆ. ಮೊದಲ ಭಾಗ ಸೃಷ್ಟಿಪುರಾಣ. ಅಳಿದುಳಿದ ಭೂಮಿಗಳ ಪ್ರತಿನಿಧಿಗಳನ್ನು ಸೇರಿಸಿ ಹಾರ್ಬಿಂಜರ್ ಮತ್ತು ಪರಾಯಾ ಎಂಬ ಪಾತ್ರಗಳು ಈ ವಿಪತ್ತಿನ ಮೂಲವನ್ನು ವಿವರಿಸುತ್ತವೆ. ಹತ್ತು ಶತಕೋಟಿ ವರ್ಷಗಳ ಹಿಂದೆ ಓವಾ ಗ್ರಹದ ಅಮರರಲ್ಲಿ ಒಬ್ಬನಾದ ಕ್ರೋನಾ ವಿಶ್ವದ ಆದಿಯನ್ನು ನೋಡಬಯಸುತ್ತಾನೆ. ಹಾಗೆ ನೋಡಬಾರದೆಂಬ ನಿಷೇಧವಿದ್ದರೂ ಯಂತ್ರವನ್ನು ಕಟ್ಟಿ ನೋಡುತ್ತಾನೆ. ನಕ್ಷತ್ರರಾಶಿಯನ್ನು ಹಿಡಿದ ಬೃಹತ್ತಾದ ಒಂದು ಕೈ ಅವನಿಗೆ ಕಾಣುತ್ತದೆ. ಆ ಕ್ಷಣದಲ್ಲಿ ಸ್ಫೋಟವಾಗಿ ಏಕವಾಗಿದ್ದ ವಿಶ್ವ ಅನೇಕವಾಗುತ್ತದೆ, ಅದರ ಪ್ರತಿಬಿಂಬವಾಗಿ ಪ್ರತಿದ್ರವ್ಯದ ವಿಶ್ವವೂ ಹುಟ್ಟುತ್ತದೆ. ಓವಾದ ಚಂದ್ರನ ಮೇಲೆ ಮಾನಿಟರ್, ಪ್ರತಿದ್ರವ್ಯ ವಿಶ್ವದ ಕ್ವಾರ್ಡ್‌ನ ಚಂದ್ರನ ಮೇಲೆ ಅವನ ವೈರಿ ಆಂಟಿ-ಮಾನಿಟರ್ ಜನ್ಮತಾಳುತ್ತಾರೆ. ಮುಂದೆ ಪರಾಯಾ ತನ್ನ ಲೋಕದಲ್ಲಿ ಇದೇ ಆದಿಯನ್ನು ಕಾಣಲು ಹೋಗಿ, ನಿದ್ರಿಸುತ್ತಿದ್ದ ವೈರಿಯನ್ನು ಎಬ್ಬಿಸಿ, ತನ್ನ ಲೋಕವನ್ನೇ ಕಳೆದುಕೊಳ್ಳುತ್ತಾನೆ.

ಈ ಪುರಾಣ ವುಲ್ಫ್‌ಮನ್ ಅವರ ಸ್ವಂತ ಸೃಷ್ಟಿಯಲ್ಲ. ಜಾನ್ ಬ್ರೂಮ್ ಮತ್ತು ಗಿಲ್ ಕೇನ್ 1965ರ ಅಕ್ಟೋಬರ್‌ನಲ್ಲಿ ‘ಗ್ರೀನ್ ಲ್ಯಾಂಟರ್ನ್’ 40ನೆಯ ಸಂಚಿಕೆಯಲ್ಲಿ ಕ್ರೋನಾನ ಕಥೆಯನ್ನು ಮೊದಲು ಹೇಳಿದ್ದರು. ಅಲ್ಲಿಯೂ ಆ ಕೈ ಇದೆ, ನಿಷೇಧದ ಉಲ್ಲಂಘನೆಯಿದೆ. ಅದರ ಫಲವಾಗಿ ಲೋಕದಲ್ಲಿ ಕೇಡು ಹರಡಿತೆಂದು ಅಲ್ಲಿ ಹೇಳಲಾಗಿದೆ. ವುಲ್ಫ್‌ಮನ್ ಮಾಡಿದ ಪಾಠಾಂತರ ಸಣ್ಣದಾಗಿ ತೋರಿದರೂ ಅದರ ಪರಿಣಾಮ ದೊಡ್ಡದು. ಕೇಡಿನ ಜೊತೆಗೆ ಅನೇಕತೆಯೂ ಈಗ ಆ ಪಾಪದ ಫಲವಾಗುತ್ತದೆ. ಅನೇಕ ಲೋಕಗಳಿರುವುದೇ ಮೂಲಭೂತವಾದ ಒಂದು ತಪ್ಪು, ವಿಶ್ವ ಒಂದಾಗಿಯೇ ಇರಬೇಕಾಗಿತ್ತು ಎಂಬ ಧ್ವನಿ ಈ ಪುಟಗಳಲ್ಲಿದೆ. ಸಂಪಾದಕೀಯ ಕಚೇರಿಯ ಒಂದು ನಿರ್ಧಾರವು ಇಲ್ಲಿ ವಿಶ್ವಧರ್ಮದ ವೇಷ ತೊಟ್ಟು ಬರುತ್ತದೆ. ಅಸ್ತವ್ಯಸ್ತವಾಗಿದ್ದರೂ ಸಮೃದ್ಧವಾಗಿದ್ದ ಇಪ್ಪತ್ತನಾಲ್ಕು ವರ್ಷಗಳ ಕಥನರಾಶಿಯನ್ನು ‘ಸರಿಪಡಿಸಬೇಕಾದ ದೋಷ’ವೆಂದು ಓದುಗನಿಗೆ ಒಪ್ಪಿಸುವ ಕೆಲಸವನ್ನು ಪುರಾಣದ ಗಾಂಭೀರ್ಯ ಮಾಡುತ್ತದೆ.

ವಿಪರ್ಯಾಸವೆಂದರೆ ಪೆರೆಜ್ ಅವರ ಚಿತ್ರಗಳು ಈ ವಾದದ ಜೊತೆ ನಿಲ್ಲುವುದಿಲ್ಲ. ಪುಟವೊಂದಕ್ಕೆ ಹತ್ತಾರು ಚೌಕಟ್ಟುಗಳು, ಚೌಕಟ್ಟುಗಳಲ್ಲಿ ಕಿಕ್ಕಿರಿದ ಮುಖಗಳು. ಒಂದೊಂದು ಉಡುಪಿನ ಒಂದೊಂದು ಗುಂಡಿಯನ್ನೂ ಬಿಡದ ಶ್ರದ್ಧೆ. ಅನೇಕತೆಯನ್ನು ಇಷ್ಟು ಪ್ರೀತಿಸಿದ ಕೈಯಿಂದಲೇ ಅನೇಕತೆಯನ್ನು ಅಳಿಸುವ ಕಥೆಯನ್ನು ಬರೆಸಲಾಯಿತು. ಮಾಲಿಕೆ ಇಂದಿಗೂ ಓದಿಸಿಕೊಳ್ಳುವುದು ಈ ಒಳಜಗಳದಿಂದಾಗಿಯೇ ಇರಬಹುದು.

4

ಎರಡನೆಯ ಭಾಗ ಯುದ್ಧ ಮತ್ತು ಸಾವು. ಉಳಿದ ಭೂಮಿಗಳು ಒಂದರೊಳಗೊಂದು ಸೇರಿ ನಾಶವಾಗುವ ಅಪಾಯದಲ್ಲಿವೆ. ಪ್ರಬಲರಾದ ಕೆಲವು ವೀರರು ಪ್ರತಿದ್ರವ್ಯ ವಿಶ್ವಕ್ಕೆ ಹೋಗಿ ಆಂಟಿ-ಮಾನಿಟರನ ಕೋಟೆಯ ಮೇಲೆ ದಾಳಿ ಮಾಡುತ್ತಾರೆ. ವೈರಿಯ ಹೊಡೆತಕ್ಕೆ ಸಿಕ್ಕ ಸೂಪರ್‌ಮ್ಯಾನ್ ಸಾವಿನ ಅಂಚಿಗೆ ಬರುತ್ತಾನೆ. ಅವನ ಕೂಗನ್ನು ಕೇಳಿ ಸೂಪರ್‌ಗರ್ಲ್ ನುಗ್ಗುತ್ತಾಳೆ. ಅಣ್ಣನಿಗೆ ಸಾಧ್ಯವಾಗದ್ದನ್ನು ಸಾಧಿಸುತ್ತಾಳೆ. ಆಂಟಿ-ಮಾನಿಟರನ ಕವಚ ಒಡೆಯುತ್ತದೆ, ಲೋಕಗಳನ್ನು ಅಳಿಸುವ ಯಂತ್ರ ನಾಶವಾಗುತ್ತದೆ. ಗೆಲುವು ಕೈಗೆಟಕುವಷ್ಟರಲ್ಲಿ ಅವಳು ಒಂದು ಕ್ಷಣ ಹಿಂತಿರುಗಿ, ಸೂಪರ್‌ಮ್ಯಾನನನ್ನು ದೂರ ಕರೆದೊಯ್ಯುವಂತೆ ಡಾಕ್ಟರ್ ಲೈಟ್‌ಳಿಗೆ ಕೂಗಿ ಹೇಳುತ್ತಾಳೆ. ಆ ಕ್ಷಣವೇ ವೈರಿಗೆ ಸಾಕಾಗುತ್ತದೆ.

ಮುಖಪುಟ ಈ ಮುಕ್ತಾಯವನ್ನು ಮೊದಲೇ ಸಾರಿಬಿಟ್ಟಿದೆ. ಕಂಬನಿಗರೆಯುವ ಸೂಪರ್‌ಮ್ಯಾನ್, ಅವನ ತೋಳುಗಳಲ್ಲಿ ನಿರ್ಜೀವಳಾದ ಸೂಪರ್‌ಗರ್ಲ್, ಹಿನ್ನೆಲೆಯಲ್ಲಿ ವೀರಸಮೂಹ. ಮೃತ ಮಗನನ್ನು ಮಡಿಲಲ್ಲಿಟ್ಟುಕೊಂಡ ಮೇರಿಯ ‘ಪಿಯೆಟಾ’ ಶಿಲ್ಪಪರಂಪರೆಯನ್ನು ಇದು ನೆನಪಿಗೆ ತರುತ್ತದೆ. 1980ರ ‘ಅನ್‌ಕ್ಯಾನಿ ಎಕ್ಸ್-ಮೆನ್’ 136ನೆಯ ಸಂಚಿಕೆಯ ಮುಖಪುಟದಲ್ಲಿಯೂ ಸೈಕ್ಲಾಪ್ಸ್ ಇದೇ ರೀತಿ ಜೀನ್ ಗ್ರೇಯ ದೇಹವನ್ನು ಎತ್ತಿಕೊಂಡಿದ್ದ. ಕಾಮಿಕ್ಸ್ ಈ ವಿನ್ಯಾಸವನ್ನು ತೆಗೆದುಕೊಳ್ಳುವಾಗ ಶಿಲ್ಪದ ಲಿಂಗಸಂಬಂಧವನ್ನು ತಲೆಕೆಳಗು ಮಾಡಿರುವುದು ಗಮನಾರ್ಹ. ಅಲ್ಲಿ ಹೆಣ್ಣು ದುಃಖಿಸುತ್ತಾಳೆ, ಗಂಡಿನ ದೇಹ ಮಡಿಲಲ್ಲಿದೆ. ಇಲ್ಲಿ ಹೆಣ್ಣಿನ ದೇಹ ಗಂಡಿನ ದುಃಖವನ್ನು ತೋರಿಸುವ ಸಾಧನವಾಗಿದೆ. ನಾಯಕನ ಕಥೆಗೆ ತೂಕ ಬರಲೆಂದು ಸ್ತ್ರೀಪಾತ್ರವನ್ನು ಕೊಲ್ಲುವ ಈ ರೂಢಿಯನ್ನು 1999ರಲ್ಲಿ ಗೇಲ್ ಸಿಮೋನ್ ಪಟ್ಟಿಮಾಡಿ ತೋರಿಸಿದ ಬಳಿಕ ಅದು ಚರ್ಚೆಯ ವಸ್ತುವಾಯಿತು. ಮುಖಪುಟವನ್ನಷ್ಟೇ ನೋಡಿದರೆ ಏಳನೆಯ ಸಂಚಿಕೆ ಆ ರೂಢಿಯ ಶುದ್ಧ ಮಾದರಿ.

ಒಳಪುಟಗಳು ಬೇರೆ ಮಾತನ್ನು ಹೇಳುತ್ತವೆ. ಸಾವಿಗೆ ಕಾರಣವಾಗುವ ಕ್ರಿಯೆಗೆ ಮುಖ್ಯ ಸಾಕ್ಷಿ ಸೂಪರ್‌ಮ್ಯಾನ್ ಅಲ್ಲ, ಡಾಕ್ಟರ್ ಲೈಟ್. ಕಿಮಿಯೊ ಹೋಶಿ ಎಂಬ ಈ ಜಪಾನಿ ಖಗೋಳಶಾಸ್ತ್ರಜ್ಞೆ ನಾಲ್ಕನೆಯ ಸಂಚಿಕೆಯಲ್ಲಷ್ಟೇ ಪ್ರವೇಶಿಸಿದವಳು. ಅಹಂಕಾರಿ, ತನ್ನ ಕೆಲಸದ ಹೊರತು ಮತ್ತೊಬ್ಬರನ್ನು ಲೆಕ್ಕಿಸದವಳು. ಸೂಪರ್‌ಗರ್ಲ್ ತನ್ನ ಜೀವದ ಹಂಗು ತೊರೆದು ಹೋರಾಡುವುದನ್ನು ಕಂಡು ಅವಳಲ್ಲಿ ತನ್ನ ಬಗೆಗೇ ನಾಚಿಕೆ ಮೂಡುತ್ತದೆ. ಈ ಪುಟಗಳಲ್ಲಿ ವೀರದ ಫಲವನ್ನು ಪಡೆದವಳು ಅವಳು. ಅನಂತರದ ಶೋಕಸಭೆ ಶಿಕಾಗೊದಲ್ಲಿ ನಡೆಯುತ್ತದೆ. ಅದು ಕಾರಾ ತಾನಾಗಿ ಆಯ್ದುಕೊಂಡ ಊರು; ಸೂಪರ್‌ಮ್ಯಾನನ ಮೆಟ್ರೊಪೊಲಿಸ್ ಅಲ್ಲ. ಅಲ್ಲಿ ಚರಮಭಾಷಣ ಮಾಡುವವಳು ಬ್ಯಾಟ್‌ಗರ್ಲ್. ನಾಲ್ಕನೆಯ ಸಂಚಿಕೆಯ ಆರಂಭದಲ್ಲಿ, ಇಂಥ ಮಹಾವಿಪತ್ತಿನಲ್ಲಿ ತನ್ನಂಥ ಸಾಮಾನ್ಯಳಿಂದ ಏನಾದೀತೆಂದು ಕುಸಿದಿದ್ದ ಬ್ಯಾಟ್‌ಗರ್ಲ್‌ಳನ್ನು ಸಂತೈಸಿದ್ದವಳು ಕಾರಾ. ಒಂದು ಸಣ್ಣ ಸಾಲ ಇಲ್ಲಿ ತೀರುತ್ತದೆ. ಮೂವರು ಸ್ತ್ರೀಪಾತ್ರಗಳ ನಡುವೆ ಧೈರ್ಯ ಕೈಯಿಂದ ಕೈಗೆ ದಾಟುವ ಈ ಎಳೆ ಮುಖಪುಟದ ಸಂಯೋಜನೆಯಲ್ಲಿ ಎಲ್ಲಿಯೂ ಇಲ್ಲ. ಮುಖಪುಟ ಮಾರಾಟಕ್ಕೆ, ಒಳಪುಟ ಓದಿಗೆ ಎಂಬ ಹಳೆಯ ಮಾತು ಇಲ್ಲಿ ಅನಿರೀಕ್ಷಿತವಾಗಿ ಸಾರ್ಥಕವಾಗಿದೆ.

ಚರಮಭಾಷಣದಲ್ಲಿ ಬ್ಯಾಟ್‌ಗರ್ಲ್ ಕಾರಾಳನ್ನು ವೀರಳೆಂದು ಕರೆದು, ಅವಳನ್ನು ಲೋಕ ಮರೆಯುವುದಿಲ್ಲವೆಂದು ಭರವಸೆ ಕೊಡುತ್ತಾಳೆ. ಕೊನೆಗೆ ಸೂಪರ್‌ಮ್ಯಾನ್ ಕೆಂಪು ಮೇಲುವಸ್ತ್ರದಲ್ಲಿ ಸುತ್ತಿದ ದೇಹವನ್ನು ಎತ್ತಿಕೊಂಡು ಆಕಾಶಕ್ಕೆ ಏರುತ್ತಾನೆ.

5

ಆ ಭರವಸೆ ಎಷ್ಟು ಕಾಲ ಬಾಳಿತು? ಮಾಲಿಕೆಯ ಕೊನೆಯಲ್ಲಿ ಐದು ಭೂಮಿಗಳು ಒಂದಾಗುತ್ತವೆ, ಅದಕ್ಕೊಂದೇ ಇತಿಹಾಸವಿರುತ್ತದೆ. 1986ರಲ್ಲಿ ಜಾನ್ ಬರ್ನ್ ಅವರ ‘ದ ಮ್ಯಾನ್ ಆಫ್ ಸ್ಟೀಲ್’ ಸೂಪರ್‌ಮ್ಯಾನನ ಚರಿತ್ರೆಯನ್ನು ಹೊಸದಾಗಿ ಬರೆಯಿತು. ಅದರಲ್ಲಿ ಕ್ರಿಪ್ಟಾನಿನಿಂದ ಬದುಕಿ ಬಂದವನು ಅವನೊಬ್ಬನೇ. ಆರ್ಗೊ ನಗರವಿಲ್ಲ, ಕಾರಾ ಇಲ್ಲ; ಹಾಗಾಗಿ ಶಿಕಾಗೊದ ಶೋಕಸಭೆಯೂ ಇಲ್ಲ, ಬ್ಯಾಟ್‌ಗರ್ಲ್ ಆಡಿದ ಮಾತೂ ಇಲ್ಲ. ಮರೆಯುವುದಿಲ್ಲವೆಂದವಳ ನೆನಪಿನಿಂದಲೇ ಆ ಗೆಳತಿ ಅಳಿಸಿಹೋದಳು. ಮಹಾಭಾರತದ ಕವಿಗಳು ಅಭಿಮನ್ಯುವನ್ನು ಕೊಂದರು. ಆದರೆ ಅವನು ಹುಟ್ಟಿಯೇ ಇರಲಿಲ್ಲವೆಂದು ಯಾವ ಕವಿಯೂ ಹೇಳಲಾರ. ಪರೀಕ್ಷಿತನೂ ಜನಮೇಜಯನೂ, ಅವರ ಮೂಲಕ ಕಥೆಯನ್ನು ಹೇಳುವ ಸಂದರ್ಭವೂ ಆ ಸಾವಿಗೆ ಕಟ್ಟುಬಿದ್ದಿವೆ. ಬಿಡಿ ಸಂಚಿಕೆಗಳ ಕಥನಕ್ಕೆ ಅಂಥ ಹಂಗಿಲ್ಲ.

ಮುಂದಿನ ಸಂಚಿಕೆಯೊಂದಿಗೆ ಇಟ್ಟು ನೋಡಿದಾಗ ಈ ಅಳಿಸುವಿಕೆಯ ತೀವ್ರತೆ ತಿಳಿಯುತ್ತದೆ. ಎಂಟನೆಯ ಸಂಚಿಕೆಯಲ್ಲಿ (ನವೆಂಬರ್ 1985) ಫ್ಲ್ಯಾಶ್ ಬ್ಯಾರಿ ಆಲನ್ ಸಾಯುತ್ತಾನೆ. ಪ್ರತಿದ್ರವ್ಯ ವಿಶ್ವದಲ್ಲಿ ಸಂಗಾತಿಗಳಾದ ವೀರರು ಯಾರೂ ಇಲ್ಲದ ಕಡೆ, ವಿನಾಶಕಾರಿ ಆಯುಧವನ್ನು ಕೆಡಿಸಲು ಓಡುತ್ತ ಓಡುತ್ತ ಕರಗಿಹೋಗುತ್ತಾನೆ. ಅವನ ಸಾವು ಸಾಕ್ಷಿಯಿಲ್ಲದ್ದು, ಆದರೆ ಹೊಸ ಲೋಕ ಅವನನ್ನು ನೆನೆಯುತ್ತದೆ. ಶಿಷ್ಯನಾದ ವಾಲಿ ವೆಸ್ಟ್ ಅವನ ಹೆಸರನ್ನೂ ಉಡುಪನ್ನೂ ಧರಿಸುತ್ತಾನೆ, ಆ ನೆನಪಿನ ಭಾರವೇ ವಾಲಿಯ ಮುಂದಿನ ಕಥೆಗಳಿಗೆ ತಳಹದಿಯಾಗುತ್ತದೆ. ಎಲ್ಲ ವೀರರ ಕಣ್ಣೆದುರು ಸತ್ತ ಸೂಪರ್‌ಗರ್ಲ್‌ಳನ್ನು ಮಾತ್ರ ಯಾರೂ ನೆನೆಯುವಂತಿಲ್ಲ. ಎರಡು ತ್ಯಾಗಗಳನ್ನು ಒಂದೇ ಲೇಖಕ-ಚಿತ್ರಕಾರ ಜೋಡಿ ಒಂದು ತಿಂಗಳ ಅಂತರದಲ್ಲಿ ಚಿತ್ರಿಸಿದ್ದರೂ, ಅವುಗಳ ಫಲವನ್ನು ನಿರ್ಧರಿಸಿದ್ದು ಆ ಜೋಡಿಯ ಹೊರಗಿನ ಲೆಕ್ಕಾಚಾರ. ಸೂಪರ್‌ಮ್ಯಾನನ ಅನನ್ಯತೆಗೆ ಅವಳ ಇರವೇ ಅಡ್ಡಿಯಾಗಿತ್ತು. ಅವಳ ನೆನಪೂ ಅಡ್ಡಿಯಾಯಿತು. ಎರಡನೆಯ ಭೂಮಿಯಲ್ಲಿದ್ದ ಅವಳ ಪ್ರತಿರೂಪ ಪವರ್ ಗರ್ಲ್ ಬದುಕಿ ಉಳಿದರೂ ಕ್ರಿಪ್ಟಾನಿನ ಮೂಲವನ್ನು ಕಳೆದುಕೊಂಡು, ಅಟ್ಲಾಂಟಿಸ್‌ನ ವಂಶಜಳೆಂಬ ಹೊಸ ಪೂರ್ವೋತ್ತರವನ್ನು ಹೊರಬೇಕಾಯಿತು. ಆ ಕಥೆ ಕಾರ್ಯಾಲಯದ ತೇಪೆಯಾಗಿಯೇ ಉಳಿಯಿತು ಎನ್ನದೆ ವಿಧಿಯಿಲ್ಲ.

ಅಳಿಸುವ ಮೊದಲಿನ ಅಲ್ಪಾವಧಿಯಲ್ಲಿ ಉಪಸಂಚಿಕೆಗಳು ಈ ಸಾವಿನ ಜೊತೆ ನಡೆದುಕೊಂಡ ರೀತಿಯೂ ಪರಿಶೀಲನೆಗೆ ಅರ್ಹ. ‘ಸೂಪರ್‌ಮ್ಯಾನ್’ 414ನೆಯ ಸಂಚಿಕೆಯಲ್ಲಿ ಅಣ್ಣ ತಂಗಿಯ ದೇಹವನ್ನು ಅವಳ ತಂದೆತಾಯಿಗಳ ಬಳಿಗೆ ಒಯ್ಯುತ್ತಾನೆ. 415ನೆಯ ಸಂಚಿಕೆಯಲ್ಲಿ, ಅವಳು ನೆನಪು ತಪ್ಪಿದ್ದ ಕಾಲದಲ್ಲಿ ಸಾಲ್ಕೊರ್ ಎಂಬ ಅನ್ಯಗ್ರಹದವನನ್ನು ಮದುವೆಯಾಗಿದ್ದಳೆಂಬ ಸಂಗತಿ ಹೊರಬೀಳುತ್ತದೆ! ಸತ್ತವಳಿಗೆ ಸತ್ತ ಮೇಲೆ ಗಂಡನನ್ನು ಕಟ್ಟುವ ಈ ಕಲ್ಪನೆ ಕ್ರಾಸ್‌ಓವರ್ ಪ್ರಕಾರದ ದೊಡ್ಡ ದೌರ್ಬಲ್ಯವನ್ನು ಬಯಲಿಗೆಳೆಯುತ್ತದೆ. ಒಂದು ಸಂಚಿಕೆ ಮೌನದಲ್ಲಿ ಮುಗಿಸಿದ್ದನ್ನು ಇನ್ನೊಂದು ಸಂಚಿಕೆ ಮಾತಿನಿಂದ ತುಂಬಲು ಹೊರಡುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ ನಿಲ್ಲುವುದು 1986ರ ಸೆಪ್ಟೆಂಬರ್‌ನಲ್ಲಿ ಆಲನ್ ಮೂರ್ ಬರೆದು ಕರ್ಟ್ ಸ್ವಾನ್ ಚಿತ್ರಿಸಿದ, ಹಳೆಯ ಸೂಪರ್‌ಮ್ಯಾನನಿಗೆ ವಿದಾಯ ಹೇಳುವ ಎರಡು ಭಾಗಗಳ ಕಥೆ. ಅದರಲ್ಲಿ ಭವಿಷ್ಯದ ವೀರರ ದಂಡಿನೊಂದಿಗೆ, ಇನ್ನೂ ಹುಡುಗಿಯಾಗಿರುವ ಗತಕಾಲದ ಸೂಪರ್‌ಗರ್ಲ್ ಅಣ್ಣನನ್ನು ಕಾಣಲು ಬರುತ್ತಾಳೆ. ಈ ಕಾಲದಲ್ಲಿ ದೊಡ್ಡವಳಾಗಿರುವ ತಾನು ಎಲ್ಲಿರುವೆನೆಂದು ಕೇಳುತ್ತಾಳೆ. ಅವಳು ಗತಕಾಲದಲ್ಲಿದ್ದಾಳೆ ಎಂಬರ್ಥದ ಉತ್ತರವನ್ನು ಸೂಪರ್‌ಮ್ಯಾನ್ ಕೊಡುತ್ತಾನೆ. ಕಾಲಯಾನ ಬಲ್ಲವರಿಗೆ ಅದು ಸಹಜವಾದ ಮಾತು. ಏಳನೆಯ ಸಂಚಿಕೆಯನ್ನು ಓದಿದವರಿಗೆ ಅದು ಬೇರೆ. ಸುಳ್ಳಾಡದೆ ಸತ್ಯವನ್ನು ಮರೆಸುವ ಈ ಉತ್ತರದಲ್ಲಿ ಕರುಣರಸ ಒಂದೇ ವಾಕ್ಯದಲ್ಲಿ ನಿಷ್ಪನ್ನವಾಗುತ್ತದೆ. ಇಲ್ಲಿ ಏಳನೆಯ ಸಂಚಿಕೆಯ ಹೆಸರಿಲ್ಲ, ಅದರತ್ತ ಬೆರಳು ತೋರಿಸುವ ಅಡಿಟಿಪ್ಪಣಿಯಿಲ್ಲ. ಓದುಗನ ಸ್ಮೃತಿಯೊಂದನ್ನೇ ನಂಬಿ ಕಥೆ ಮುಂದುವರಿಯುತ್ತದೆ.

6

ಹನ್ನೆರಡನೆಯ ಸಂಚಿಕೆಯ ಕೊನೆಯಲ್ಲಿ, ಹಳೆಯ ಲೋಕಗಳೆಲ್ಲವನ್ನೂ ಇನ್ನೂ ನೆನಪಿಟ್ಟುಕೊಂಡಿರುವ ಪಾತ್ರವೊಂದು ಕಾಣಿಸುತ್ತದೆ: ಸೈಕೊ-ಪೈರೇಟ್ ಎಂಬ ಖಳ. ಅವನು ಈಗ ಹುಚ್ಚಾಸ್ಪತ್ರೆಯಲ್ಲಿ ಕೈಕಟ್ಟಿಸಿಕೊಂಡು ಕುಳಿತಿದ್ದಾನೆ. ಗತವನ್ನು ಬಲ್ಲವನನ್ನು ಹುಚ್ಚನೆಂದು ಕೂಡಿಹಾಕಿದ ಈ ಚಿತ್ರವನ್ನು ಹಳೆಯ ಓದುಗನ ಮೇಲಿನ ಕುಹಕವೆಂದೂ ಓದಬಹುದು, ಅವನ ಪರವಾದ ಆರ್ತನಾದವೆಂದೂ ಓದಬಹುದು. 1990ರಲ್ಲಿ ಗ್ರಾಂಟ್ ಮಾರಿಸನ್ ‘ಅನಿಮಲ್ ಮ್ಯಾನ್’ ಪತ್ರಿಕೆಯಲ್ಲಿ ಇದೇ ಸೈಕೊ-ಪೈರೇಟ್‌ನ ಮೂಲಕ ಅಳಿಸಿಹೋದ ಪಾತ್ರಗಳನ್ನು ಮತ್ತೆ ಪುಟಕ್ಕೆ ಕರೆತಂದು ಎರಡನೆಯ ಓದನ್ನು ಎತ್ತಿಹಿಡಿದರು.

ಆದರೆ ಕಾರಾಳ ವಿಷಯದಲ್ಲಿ ನಿರ್ಣಾಯಕವಾದ ಉತ್ತರ ಬಂದದ್ದು ಯಾವ ಕ್ರಾಸ್‌ಓವರಿನಲ್ಲಿಯೂ ಅಲ್ಲ. 1989ರಲ್ಲಿ ಪ್ರಕಟವಾದ ‘ಕ್ರಿಸ್‌ಮಸ್ ವಿತ್ ದ ಸೂಪರ್-ಹೀರೋಸ್’ ಎರಡನೆಯ ಸಂಚಿಕೆಯಲ್ಲಿ ಆಲನ್ ಬ್ರೆನರ್ಟ್ ಬರೆದು ಡಿಕ್ ಜಿಯೋರ್ಡಾನೊ ಚಿತ್ರಿಸಿದ ಪುಟ್ಟ ಕಥೆಯೊಂದಿದೆ. ಜಿಯೋರ್ಡಾನೊ ‘ಕ್ರೈಸಿಸ್’ ನಡೆದಾಗ ಡಿಸಿಯ ಕಾರ್ಯನಿರ್ವಾಹಕ ಸಂಪಾದಕರಾಗಿದ್ದವರೂ, ಅದರ ಮೊದಲ ಸಂಚಿಕೆಗಳಿಗೆ ಮಸಿಗೆರೆ ಎಳೆದವರೂ ಹೌದು. ಕಥೆಯ ನಾಯಕ ಡೆಡ್‌ಮ್ಯಾನ್ ಒಂದು ಪ್ರೇತ. ಅವನು ಪರಕಾಯಪ್ರವೇಶ ಮಾಡಿ ಜನರನ್ನು ಉಳಿಸುತ್ತಾನೆ, ಉಳಿಸಿದ ಕೀರ್ತಿ ಆ ದೇಹದವನಿಗೆ ಹೋಗುತ್ತದೆ. ಹಬ್ಬದ ರಾತ್ರಿ ಬೇಸತ್ತು ಕುಳಿತ ಅವನನ್ನು, ಯಾರಿಗೂ ಕಾಣದ ಅವನನ್ನು, ಹೊಂಗೂದಲಿನ ಯುವತಿಯೊಬ್ಬಳು ನೋಡಿ ಮಾತನಾಡಿಸುತ್ತಾಳೆ. ಹೊಗಳಿಕೆಗಾಗಿ ಅಲ್ಲ, ಮಾಡಬೇಕಾದ ಕೆಲಸವೆಂದು ಮಾಡುವುದು. ತಾನು ಇದ್ದೆನೆಂಬುದೇ ಯಾರಿಗೂ ಗೊತ್ತಿಲ್ಲದೆ ಹೋದರೂ ಮಾಡುವುದು, ಎಂಬುದು ಅವಳ ಮಾತಿನ ತಾತ್ಪರ್ಯ. ಹೋಗುವಾಗ ಅವನು ಹೆಸರು ಕೇಳುತ್ತಾನೆ. ಕಾರಾ ಎನ್ನುತ್ತಾಳೆ, ಆ ಹೆಸರಿನಿಂದ ಅವನಿಗೆ ಏನೂ ತಿಳಿಯಲಾರದೆಂದೂ ಸೇರಿಸುತ್ತಾಳೆ.

ಈ ಕಥೆ ಏಳನೆಯ ಸಂಚಿಕೆಯ ಗಾಯವನ್ನು ಮುಚ್ಚುವ ಪ್ರಯತ್ನವನ್ನೇ ಮಾಡುವುದಿಲ್ಲ. ಅಧಿಕೃತ ಇತಿಹಾಸವನ್ನು ಅದು ಒಂದಕ್ಷರವೂ ಮೀರುವುದಿಲ್ಲ: ಡೆಡ್‌ಮ್ಯಾನ್‌ಗೆ ಅವಳು ಯಾರೆಂದು ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅಳಿಸಿದ್ದನ್ನು ಅಳಿಸಿದಂತೆಯೇ ಬಿಟ್ಟು, ಅದರೊಳಗಿನಿಂದಲೇ ಆ ಸಾವಿಗೆ ಒಂದು ಅರ್ಥವನ್ನು ಅದು ಹೊರತೆಗೆಯುತ್ತದೆ. ಬ್ಯಾಟ್‌ಗರ್ಲ್‌ಳ ಚರಮಭಾಷಣ ವೀರಕ್ಕೆ ಸ್ಮರಣೆಯನ್ನು ಪ್ರತಿಫಲವಾಗಿ ಕೊಟ್ಟಿತ್ತು. ಪ್ರಕಾಶಕರು ಆ ಪ್ರತಿಫಲವನ್ನು ಕಿತ್ತುಕೊಂಡರು. ಬ್ರೆನರ್ಟ್ ಪ್ರತಿಫಲವಿಲ್ಲದ ವೀರವನ್ನು ಉಳಿಸಿಕೊಂಡರು. ಮೂರು ವರ್ಷ ಗುಟ್ಟಾಗಿದ್ದು ಕೆಲಸ ಮಾಡಿದ ಮಿಡ್‌ವೇಲ್‌ನ ಅನಾಥ ಹುಡುಗಿಗೆ ಇದು ಹೊಸ ಪಾಠವೇನಲ್ಲ ಎಂಬುದೂ ಹಳೆಯ ಓದುಗನಿಗೆ ಹೊಳೆಯುತ್ತದೆ. ಏಳನೆಯ ಸಂಚಿಕೆಯನ್ನು ಓದಿದವನೇ ಇಲ್ಲಿ ಏಕೈಕ ಸಾಕ್ಷಿ. ಕಥಾಲೋಕದ ಒಳಗೆ ಯಾರೂ ಹೊರಲಾರದ ನೆನಪನ್ನು ಹೊರಗಿನ ಒಬ್ಬ ಹೊತ್ತಿದ್ದಾನೆ ಎಂಬ ನಂಬಿಕೆಯ ಮೇಲೆ ಆ ಕಥೆ ನಿಂತಿದೆ.

ಕಾರಾ ಜೋರ್-ಎಲ್ ಎಂಬ ಹೆಸರಿನ ಸೂಪರ್‌ಗರ್ಲ್ 2004ರಲ್ಲಿ ಜೆಫ್ ಲೋಬ್ ಮತ್ತು ಮೈಕಲ್ ಟರ್ನರ್ ಅವರ ‘ಸೂಪರ್‌ಮ್ಯಾನ್/ಬ್ಯಾಟ್‌ಮ್ಯಾನ್’ ಎಂಟನೆಯ ಸಂಚಿಕೆಯಲ್ಲಿ ಮತ್ತೆ ಬಂದಳು. ಸಮುದ್ರಕ್ಕೆ ಬಿದ್ದ ನೌಕೆಯಿಂದ ಹೊರಬರುವ ಅವಳು ಆಗಷ್ಟೇ ಭೂಮಿಗೆ ಬಂದವಳು, ಹದಿಹರೆಯದವಳು. ಶಿಕಾಗೊ ಅವಳಿಗೆ ಗೊತ್ತಿಲ್ಲ, ಮಿಡ್‌ವೇಲ್ ಗೊತ್ತಿಲ್ಲ. ಏಳನೆಯ ಸಂಚಿಕೆಯಲ್ಲಿ ಸತ್ತವಳು ಇವಳಲ್ಲ.